ಎರಡು ಸೆಕೆಂಡ್ ಯಾರು ಕೇಳ್ತಾರೆ?

ಆ ಡಿಸೆಂಬರ್ ರಾತ್ರಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕ್ಷುದ್ರಗ್ರಹವೊಂದು ಹನ್ನೊಂದನೇ ಮ್ಯಾಗ್ನಿಟ್ಯೂಡ್‌ನ, ಅಂದರೆ ಬರಿಗಣ್ಣಿಗೆ ಕಾಣದಷ್ಟು ಮಂಕಾದ, ನಕ್ಷತ್ರವನ್ನು ಮರೆಮಾಡುವುದಿತ್ತು. ನಮ್ಮವು ಮೂರು ಸ್ಟೇಷನ್: ಶಿರಾ, ಹಿರಿಯೂರು, ಚಳ್ಳಕೆರೆ. ನನ್ನದು ಚಳ್ಳಕೆರೆ ಹೊರಗಿನ ಶೇಂಗಾ ಹೊಲ, ಪಂಪ್‌ಶೆಡ್ ಪಕ್ಕ. ರಾತ್ರಿ 10:48ಕ್ಕೆ ಈವೆಂಟ್.

ಹತ್ತು ವರ್ಷ ನಾನು ಬರೀ ಗ್ರಹಣದ ಜೋಡಿ ನಕ್ಷತ್ರಗಳ, ಅಂದರೆ ಸುತ್ತುತ್ತ ಒಂದನ್ನೊಂದು ಮರೆಮಾಡುವ ನಕ್ಷತ್ರಗಳ, ಕೆಲಸ ಮಾಡಿದವನು. ಅಂಥದ್ದೇ ಒಂದು ಜೋಡಿ ಆರ್‌ಝಡ್ ಕ್ಯಾಸ್, ನನಗೆ ಮನೆ ನಕ್ಷತ್ರ ಇದ್ದ ಹಾಗೆ. 28 ಗಂಟೆ 41 ನಿಮಿಷಕ್ಕೊಮ್ಮೆ ಮಂಕಾಗುತ್ತದೆ, ನಾವು ಮಿನಿಮಮ್ (ಅತಿ ಮಂಕಾದ ಕ್ಷಣ) ಹಿಡಿದು ಒ-ಸಿ ಪಟ್ಟಿಗೆ (ಕಂಡ ಸಮಯಕ್ಕೂ ಲೆಕ್ಕದ ಸಮಯಕ್ಕೂ ಇರುವ ವ್ಯತ್ಯಾಸದ ಪಟ್ಟಿ) ಹಾಕುತ್ತೇವೆ. ಅಲ್ಲಿ ಅರ್ಧ ನಿಮಿಷದೊಳಗೆ ಬಂದರೂ ನನಗೆ ಸಮಾಧಾನ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಬೆಳಕು ಬರುವ ಸಮಯದಲ್ಲಾಗುವ ವ್ಯತ್ಯಾಸಕ್ಕೆ ಮಾಡುವ ಹೀಲಿಯೋಸೆಂಟ್ರಿಕ್ ತಿದ್ದುಪಡಿಯೇ ನಿಮಿಷಗಟ್ಟಲೆ ಇರುತ್ತದೆ, ಒಂದೆರಡು ಸೆಕೆಂಡ್ ಯಾರು ಕೇಳ್ತಾರೆ?

10:40ಕ್ಕೆ ಬ್ಯಾಟರಿ ಕುಸಿಯಿತು. ಇಬ್ಬನಿ ಹೀಟರ್‌ಗೂ ಅದೇ ಬ್ಯಾಟರಿಯಿಂದ ವೈರ್ ಎಳೆದಿದ್ದೆ, ಜಾಸ್ತಿ ಬುದ್ಧಿವಂತಿಕೆ. ಕ್ಯಾಮೆರಾ ಹೋಯಿತು, ಫ್ರೇಮ್‌ಗಳ ಮೇಲೆ ಸಮಯ ಒತ್ತುವ ಜಿಪಿಎಸ್ ಡಬ್ಬಿಯೂ ಹೋಯಿತು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕಾರಿನ ಬ್ಯಾಟರಿಗೆ ಕ್ಲಿಪ್ ಹಾಕಿದೆ. ಕೈ ನಡುಗುತ್ತಿತ್ತು, ಚಳಿಗಲ್ಲ. 10:43ಕ್ಕೆ ಹಸಿರು ದೀಪ ಬಂತು. ಲಾಕ್, ಉಪಗ್ರಹಗಳು ಸಿಕ್ಕವು! ಟೆಲಿಸ್ಕೋಪಿನ ಫೀಲ್ಡ್ ಸ್ವಲ್ಪ ಜಾರಿತ್ತು, ಎಳೆದು ಕೂರಿಸಿದೆ. 10:46ಕ್ಕೆ ರೆಕಾರ್ಡಿಂಗ್ ಶುರು.

ಆ ಎರಡು ನಿಮಿಷ ಉಸಿರೇ ಆಡಲಿಲ್ಲ. ಪರದೆಯ ಮೇಲೆ ಚುಕ್ಕೆ ಮಿನುಗುತ್ತಲೇ ಇತ್ತು. ಮಿಸ್ ಅಂದುಕೊಳ್ಳುವಷ್ಟರಲ್ಲಿ ಪಟ್ ಅಂತ ಮಾಯ. ನಾಲ್ಕು ಎಣಿಸಿದೆ, ವಾಪಸ್ ಬಂತು. ಹೊಲದಲ್ಲಿ ಒಬ್ಬನೇ ಕೂಗಿದ್ದಕ್ಕೆ ಎಲ್ಲೋ ನಾಯಿ ಬೊಗಳಿತು. 10:50ಕ್ಕೆ ರೆಕಾರ್ಡಿಂಗ್ ನಿಲ್ಲಿಸಿ, ಟೆಲಿಸ್ಕೋಪನ್ನು ಆರ್‌ಝಡ್ ಕ್ಯಾಸ್ ಕಡೆ ತಿರುಗಿಸಿದೆ. ಅವತ್ತು ನಡುರಾತ್ರಿ ಆದ ಮೇಲೆ ಅದರ ಮಿನಿಮಮ್ ಇತ್ತು.

ಮರುದಿನ ಕಾರ್ಡ್‌ಗಳನ್ನು (chord, ಅಂದರೆ ಒಂದೊಂದು ಸ್ಟೇಷನ್‌ನಲ್ಲಿ ನಕ್ಷತ್ರ ಮರೆಯಾದ ಸಮಯದಿಂದ ಕ್ಷುದ್ರಗ್ರಹದ ಆಕಾರಕ್ಕೆ ಎಳೆಯುವ ಅಡ್ಡಗೆರೆ) ಜೋಡಿಸಿದೆವು. ಶಿರಾದಲ್ಲಿ 2 ಸೆಕೆಂಡ್, ಹಿರಿಯೂರಿನಲ್ಲಿ 4.9, ನನ್ನದು 4.1. ಉದ್ದವೆಲ್ಲ ಸರಿ. ಆದರೆ ನನ್ನ ಕಾರ್ಡ್ ಉಳಿದೆರಡಕ್ಕಿಂತ ಸುಮಾರು 30 ಕಿಲೋಮೀಟರ್ ಪಕ್ಕಕ್ಕೆ ಸರಿದು ಕೂತಿತ್ತು. ಕ್ಷುದ್ರಗ್ರಹ ನೋಡಿದರೆ ಬದನೆಕಾಯಿಗೆ ಬಾಳೆಹಣ್ಣು ಅಂಟಿಸಿದ ಹಾಗೆ.

ಇಲ್ಲಿ ನನ್ನ ತಲೆ ಕೆಟ್ಟಿತು. ಇದು ಜೋಡಿ ಕ್ಷುದ್ರಗ್ರಹವೇ ಇರಬೇಕು ಅಂತ ಗುಂಪಿಗೆ ಉದ್ದದ ಮೆಸೇಜ್ ಹಾಕಿದೆ. 1977ರ ಮಾರ್ಚ್‌ನಲ್ಲಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯದವರೂ ಯುರೇನಸ್ ಹತ್ತಿರ ಬಂದಾಗ ನಕ್ಷತ್ರ ಮಂಕಾದದ್ದನ್ನು ಹಿಡಿದಿದ್ದರು, ಉಂಗುರಗಳು ಗೊತ್ತಾಗಿದ್ದೇ ಆ ರಾತ್ರಿ ಅಂತ ಭಾಷಣ ಬೇರೆ. ಹಿರಿಯೂರಿನ ಸಹೋದ್ಯೋಗಿಗೆ ಅವರ ಟೈಮನ್ನೇ ಇನ್ನೊಮ್ಮೆ ನೋಡಿ ಅಂದೆ. ಅವರು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಜಿಪಿಎಸ್ ಯಾವಾಗ ಆನ್ ಮಾಡಿದ್ರಿ ಸಾರ್?"

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಹಸಿರು ದೀಪ ಅಂದರೆ ಲಾಕ್ ಅಷ್ಟೇ, ಯುಟಿಸಿ (ಜಗತ್ತಿನ ಗಡಿಯಾರಗಳ ಅಧಿಕೃತ ಸಮಯ) ಅಲ್ಲ. 2017ರಿಂದ ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಆ 18 ಅನ್ನುವ ಅಂಕಿ ಉಪಗ್ರಹದಿಂದ ಇಳಿದು ಬರಬೇಕು. ಪೂರ್ತಿ ಸಂದೇಶಕ್ಕೆ ಹನ್ನೆರಡೂವರೆ ನಿಮಿಷ. ಅಲ್ಲಿಯವರೆಗೆ ನಮ್ಮ ಹಳೇ ಡಬ್ಬಿ ಫರ್ಮ್‌ವೇರ್‌ನಲ್ಲಿದ್ದ 16ನ್ನೇ ಕಳೆಯುತ್ತಿತ್ತು. ಎರಡು ಸೆಕೆಂಡ್. ನೆರಳು ಸೆಕೆಂಡಿಗೆ 15 ಕಿಲೋಮೀಟರ್ ಓಡುತ್ತಿತ್ತು. ಲೆಕ್ಕ ನೀವೇ ಹಾಕಿ.

ಆ 18ನ್ನು ನೆನಪಿಟ್ಟುಕೊಳ್ಳಬೇಕಿದ್ದ, ಡಬ್ಬಿಯ ಒಳಗಿನ ಬ್ಯಾಕಪ್ ಸೆಲ್ ಸತ್ತು ವರ್ಷವಾಗಿತ್ತು. ಹೊಸ ಡಬ್ಬಿಗೆ ಬರೆದ ಫೈಲ್ "ಮೊಬೈಲ್‌ನಲ್ಲಿ ಟೈಮ್ ತೋರಿಸಲ್ವಾ?" ಅನ್ನುವ ಷರಾದೊಂದಿಗೆ ವಾಪಸ್ ಬಂದಿತ್ತು. ಆದರೆ ಆಫೀಸನ್ನು ಬೈದು ಏನು ಬಂತು? ರೆಕಾರ್ಡಿಂಗ್ ಇನ್ನು ಹತ್ತು ನಿಮಿಷ ಓಡಿದ್ದರೆ ಗಡಿಯಾರ ಎರಡು ಸೆಕೆಂಡ್ ಹಿಂದಕ್ಕೆ ಹಾರಿದ್ದು ಫ್ರೇಮ್‌ನಲ್ಲೇ ಸಿಗುತ್ತಿತ್ತು. ನಿಲ್ಲಿಸಿದವನು ನಾನು.

18 ಇಳಿದು ಬಂದ ಮೇಲಿನ ಆರ್‌ಝಡ್ ಕ್ಯಾಸ್ ಫೈಲಿನ ಜಿಪಿಎಸ್ ಸಮಯವನ್ನು ಲ್ಯಾಪ್‌ಟಾಪ್ ಗಡಿಯಾರದ ಜೊತೆ ಹೋಲಿಸಿದೆ. ಈವೆಂಟ್ ಫೈಲಿಗೂ ಅದಕ್ಕೂ ಎರಡು ಸೆಕೆಂಡ್ ವ್ಯತ್ಯಾಸ, ನಿಜ. ಆದರೆ ಲ್ಯಾಪ್‌ಟಾಪನ್ನು ಸಾಕ್ಷಿ ಅಂತ ಯಾರು ಒಪ್ಪುತ್ತಾರೆ? ವರದಿಯಲ್ಲಿ ನನ್ನ ಕಾರ್ಡ್ ಮುಂದೆ "ಉದ್ದ ಮಾತ್ರ ಬಳಸಿ" ಅಂತ ನಾನೇ ಬರೆದೆ.

ಅವತ್ತಿನ ಮಿನಿಮಮ್ ಮಾತ್ರ ಚೆನ್ನಾಗಿ ಬಂದಿತ್ತು. ಅದನ್ನು ಯಾರೂ ಕೇಳಲಿಲ್ಲ.