ಮೂರು ಮಿಲಿಮೀಟರ್ ಬೀಡಿಂಗ್

ಹಳೇ ಗಾಡಿಗಳನ್ನು ರಿಸ್ಟೋರ್ ಮಾಡುವ ಗ್ಯಾರೇಜಿನಲ್ಲಿ ನನಗಿದು ಒಂಬತ್ತನೇ ವರ್ಷ. ಎಂಜಿನ್ ಇಳಿಸಿದ್ದೇನೆ, ತುಕ್ಕು ತಿಂದ ತಗಡು ಕತ್ತರಿಸಿದ್ದೇನೆ. ಆದರೆ ನನ್ನ ನಿದ್ದೆ ಕೆಡಿಸಿದ್ದು ಬಾಗಿಲ ಮೇಲೆ ಕೂರುವ, ಬೆರಳಗಲವೂ ಇಲ್ಲದ ಹೊಳೆಯುವ ಪಟ್ಟಿ. ಗ್ಯಾರೇಜಿನ ಭಾಷೆಯಲ್ಲಿ ಬೀಡಿಂಗ್.

ಗಾಡಿ 1976ರ ಪ್ರೀಮಿಯರ್ ಪದ್ಮಿನಿ. ಫಿಯಟ್ ಲೈಸೆನ್ಸ್ ಮೇಲೆ ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಮಾಡೆಲ್. 1964ರಲ್ಲಿ ಬಂದಾಗ ಅದರ ಹೆಸರು ಫಿಯಟ್ 1100 ಡಿಲೈಟ್, ಪದ್ಮಿನಿ ಆದದ್ದು 1974ರಲ್ಲಿ. ಹಿರಿಯರ ಬಾಯಲ್ಲಿ ಈಗಲೂ ಬರೀ ಫಿಯಟ್ಟೇ. ಓನರ್ ರಿಟೈರ್ ಆದ ಮೇಷ್ಟ್ರು. ಮಗಳ ಮದುವೆಗೆ ಮುಂಚೆ ರೆಡಿ ಆಗಬೇಕು ಅಂದಿದ್ದರು.

ಎಡಗಡೆ ಮುಂದಿನ ಬಾಗಿಲ ಸ್ಥಿತಿ ಕೆಟ್ಟದಾಗಿತ್ತು. ಗಾಜಿನ ಸಂದಿಯಿಂದ ಒಳಗಿಳಿದ ಮಳೆನೀರು ಹೊರಗೆ ಹೋಗಲು ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ತಳ ಕೊಳೆಯುತ್ತದೆ. ಬೀಡಿಂಗ್ ಹಿಂದೆಯೂ ಅದೇ ಕಥೆ. ಪಟ್ಟಿಯನ್ನು ಹಿಡಿದಿಡುವ ಕ್ಲಿಪ್‌ಗಳನ್ನು ಬಾಗಿಲ ತಗಡಿನ ತೂತುಗಳಿಗೆ ತೂರಿಸುವಾಗ ತೂತಿನ ಅಂಚಿನ ಪೇಂಟ್ ಕೆರೆದು ಹೋಗುತ್ತದೆ. ಪಟ್ಟಿಯ ಮರೆಯಲ್ಲಿ ತೇವ ಆರುವುದಿಲ್ಲ. ಸ್ಟೀಲ್ ಕ್ಲಿಪ್ ಆಗಿದ್ದರಂತೂ ಅದೂ ತುಕ್ಕು ಹಿಡಿದು, ಬಾಗಿಲ ಮೇಲೆ ಎಲೆಅಡಿಕೆ ಉಗುಳಿದ ಹಾಗೆ ಕಂದು ಗೆರೆ ಇಳಿಯುತ್ತದೆ.

ನಮ್ಮ ಟಿಂಕರಿಂಗ್ ಮೇಸ್ತ್ರಿಯನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತೇವೆ. ಅವರು ತಳಕ್ಕೆ ಹೊಸ ತಗಡು ಬೆಸೆದರು. ತುಕ್ಕು ತಿಂದು ಅಗಲವಾಗಿದ್ದ ಬೀಡಿಂಗ್ ತೂತುಗಳನ್ನೂ ವೆಲ್ಡ್ ಮಾಡಿ ಮುಚ್ಚಿದರು. ಮುಚ್ಚುವ ಮುಂಚೆ ಅವು ಎಲ್ಲಿದ್ದವು ಅಂತ ಗುರುತು ಹಾಕಿಕೊಳ್ಳಬೇಕಾದವನು ನಾನು. ಹಾಕಿಕೊಳ್ಳಲಿಲ್ಲ. ಮದುವೆಮನೆಗೆ ತೋರಣ ಕಟ್ಟುವಂಥ ಕೆಲಸ, ಕೊನೇ ದಿನ ಮಾಡಿದರಾಯ್ತು ಅಂದುಕೊಂಡಿದ್ದೆ.

ಪುಟ್ಟಿ, ಪ್ರೈಮರ್, ಪೇಂಟ್ ಎಲ್ಲ ಮುಗಿಯಿತು. ಕೆನೆ ಬಣ್ಣದಲ್ಲಿ ಗಾಡಿ ಥಳಥಳ ಅನ್ನುತ್ತಿತ್ತು. ಹಿಂದಿನ ಬಾಗಿಲಲ್ಲಿ ಹಳೇ ತೂತುಗಳು ಹಾಗೇ ಇದ್ದವು. ತಳದ ಅಂಚಿನಿಂದ ಅವು ಎಷ್ಟು ಎತ್ತರದಲ್ಲಿವೆ ಅಂತ ಟೇಪ್ ಹಿಡಿದು ನೋಡಿದೆ. ಅದೇ ಅಳತೆಯಲ್ಲಿ ಮುಂದಿನ ಬಾಗಿಲಿಗೆ ಐದು ತೂತು ಹೊಡೆದೆ, ಕ್ಲಿಪ್ ಹಾಕಿ ಪಟ್ಟಿ ಕೂರಿಸಿದೆ. ಹತ್ತಿರದಿಂದ ಸೊಗಸಾಗೇ ಇತ್ತು.

ಸಂಜೆ ಗಾಡಿಯನ್ನು ಅಂಗಳಕ್ಕೆ ತಳ್ಳಿದೆವು. ಗೇಟಿನ ಹತ್ತಿರ ನಿಂತು ತಿರುಗಿ ನೋಡಿದರೆ, ಹೆಡ್‌ಲೈಟಿನ ಕಡೆಯಿಂದ ಹಿಂದಿನವರೆಗೆ ಒಂದೇ ಗೆರೆಯಾಗಿ ಹೋಗಬೇಕಾದದ್ದು ಮುಂದಿನ ಬಾಗಿಲಲ್ಲಿ ಕುಸಿದಿತ್ತು. ಮೂರೇ ಮಿಲಿಮೀಟರ್. ಆದರೆ ಒಮ್ಮೆ ಕಂಡ ಮೇಲೆ ಬೇರೇನೂ ಕಾಣಿಸುವುದಿಲ್ಲ.

ಟೇಪ್ ಅಳತೆ ಸರಿಯಾಗೇ ಇತ್ತು. ಆದರೆ ಹೊಸದಾಗಿ ಬೆಸೆದ ತಳದ ಅಂಚು ಹಳೆಯದಕ್ಕಿಂತ ಮೂರು ಮಿಲಿಮೀಟರ್ ಕೆಳಗಿತ್ತು. ನಾನು ಅಳೆದದ್ದು ನಾವೇ ಮಾಡಿದ ಅಂಚಿನಿಂದ.

ತೂತುಗಳನ್ನು ಅರದಿಂದ ಮೇಲಕ್ಕೆ ಉಜ್ಜಿ ಸರಿಪಡಿಸಲು ಹೋದೆ. ಭಾಯ್ ಕೈ ಹಿಡಿದರು. "ಬೇಡ ಮಗಾ. ತೂತು ಮೊಟ್ಟೆ ಆಕಾರ ಆಗುತ್ತೆ, ಕ್ಲಿಪ್ ಅಲ್ಲಾಡುತ್ತೆ. ಆಮೇಲೆ ಗಾಡಿ ಓಡುವಾಗೆಲ್ಲ ಕಟಕಟ ಅಂತಿರುತ್ತೆ." ತೂತು ಮತ್ತೆ ಮುಚ್ಚಬೇಕು ಅಂದರೆ ವೆಲ್ಡಿಂಗ್, ಅಂದರೆ ಪೇಂಟ್ ಸುಡುತ್ತದೆ. ಇಡೀ ಬಾಗಿಲು ಮತ್ತೆ ಪೇಂಟ್ ಆಯಿತು. ಮೆಟಾಲಿಕ್ ಬಣ್ಣ ಅಲ್ಲದ್ದು ನಮ್ಮ ಪುಣ್ಯ, ಇಲ್ಲದಿದ್ದರೆ ಪಕ್ಕದ ಬಾಗಿಲಿಗೆ ಹೊಂದಿಸಲು ಇನ್ನೂ ಒದ್ದಾಡಬೇಕಿತ್ತು. ಐದು ದಿನ ಹೋಯಿತು, ಖರ್ಚು ನಮ್ಮದೇ.

ಈಗ ಪಟ್ಟಿ ಬಿಚ್ಚುವ ಮುಂಚೆಯೇ ಅದರ ಮೇಲಂಚು, ಕೆಳಂಚಿನ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ ಫೋಟೋ ತೆಗೆಯುತ್ತೇನೆ. ಅಳತೆ ಕಿಟಕಿಯ ಕೆಳಂಚಿನಿಂದ, ಯಾಕಂದರೆ ಅಲ್ಲಿ ಸಾಮಾನ್ಯವಾಗಿ ತಗಡು ಬದಲಾಗಿರುವುದಿಲ್ಲ. ಅಳತೆಗಳನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ನೇತುಹಾಕುತ್ತೇನೆ. ಪ್ರೈಮರ್ ಆದ ಮೇಲೆ, ಬಣ್ಣಕ್ಕೆ ಮುಂಚೆ, ಎಲ್ಲ ಪಟ್ಟಿಗಳನ್ನೂ ಒಮ್ಮೆ ಹಾಕಿ ದೂರ ನಿಂತು ನೋಡುತ್ತೇನೆ. ಆಗ ತೂತು ತಪ್ಪಿದ್ದರೂ ಹೋಗುವುದು ಬರೀ ಪ್ರೈಮರ್.

ಬಣ್ಣ ಆದಮೇಲೆ ಡ್ರಿಲ್ ಮೆಷಿನ್ ಹತ್ತಿರ ಸುಳಿಯಬಾರದು. ಪೇಂಟ್ ಪದರದಿಂದ ತೂತು ಸ್ವಲ್ಪ ಕಿರಿದಾಗಿರುತ್ತದೆ ನಿಜ, ಆದರೆ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಾಕು. ಮೆಷಿನ್ ಹಾಕಿದರೆ ಪೇಂಟ್ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಂಚಿಗೆ ಸಣ್ಣ ಬ್ರಷ್ಷಿನಲ್ಲಿ ಪ್ರೈಮರ್ ಮುಟ್ಟಿಸಿ, ಒಣಗಿದ ಮೇಲೆ ಸ್ವಲ್ಪ ಸೀಲೆಂಟ್. ವಿನೆಗರ್ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡವೇ ಬೇಡ. ಅದರ ಆಮ್ಲ ಲೋಹವನ್ನೇ ತಿನ್ನುತ್ತದೆ.

ಮೊದಲು ಬಾಗಿಲುಗಳ ಪಟ್ಟಿ, ಕೊನೆಗೆ ಫೆಂಡರಿನದ್ದು, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿನದ್ದು. ಪಟ್ಟಿಗಳ ನಡುವೆ ಮೂರು ನಾಲ್ಕು ಮಿಲಿಮೀಟರ್ ಸಂದಿ ಬಿಟ್ಟು, ಬಾಗಿಲನ್ನು ನಿಧಾನಕ್ಕೆ ಪೂರ್ತಿ ತೆಗೆದು ನೋಡಬೇಕು. ಇಲ್ಲದಿದ್ದರೆ ಬಾಗಿಲ ಪಟ್ಟಿಯ ತುದಿ ಪಕ್ಕದ ಪೇಂಟನ್ನು ಕೆತ್ತುತ್ತದೆ. ಪಟ್ಟಿ ಕೂರಿಸುವಾಗ ಬಟ್ಟೆ ಇಟ್ಟು, ಅಂಗೈಯಿಂದ, ಒಂದೊಂದೇ ಕ್ಲಿಪ್ಪಿನ ಮೇಲೆ ಒತ್ತಬೇಕು. ಎರಡು ಕ್ಲಿಪ್ಪಿನ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅಲ್ಯೂಮಿನಿಯಂ ಮಡಿಚಿಕೊಳ್ಳುತ್ತದೆ. ಎಷ್ಟು ಬಫಿಂಗ್ ಮಾಡಿದರೂ ಆ ಜಾಗದಲ್ಲಿ ಬೆಳಕು ಮುರಿದೇ ಕಾಣುತ್ತದೆ. ಹಾಗೆ ಕೆಡಿಸಿದ ಒಂದು ಪಟ್ಟಿಗೆ ಜೋಡಿ ಹುಡುಕಲು ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳನ್ನು ಎರಡು ದಿನ ಸುತ್ತಿದ್ದೇನೆ.

ಮೇಷ್ಟ್ರ ಗಾಡಿ ಮದುವೆಗೆ ಎರಡು ದಿನ ಮುಂಚೆ ಹೋಯಿತು. ಅವರು ಬೀಡಿಂಗ್ ಕಡೆ ನೋಡಲೂ ಇಲ್ಲ. ಹಾರ್ನ್ ಬಾರಿಸಿ ನಕ್ಕರು ಅಷ್ಟೇ.

ಹೋದ ವಾರ ಇನ್ನೊಂದು ಪದ್ಮಿನಿ ಬಂತು. ಬಲಗಡೆ ತೂತುಗಳನ್ನು ಯಾರೋ ಮೊದಲೇ ಮುಚ್ಚಿದ್ದಾರೆ. ಸುಲಭ ಆಯಿತು ಅಂತ ಗೋಡೆಯ ಕ್ಯಾಲೆಂಡರ್ ಇಳಿಸಿ, ಮೇಷ್ಟ್ರ ಗಾಡಿಯ ಅಳತೆಯನ್ನು ಮೊದಲು ಎಡಗಡೆಯ ಹಳೇ ತೂತುಗಳ ಮೇಲೆ ಹಿಡಿದು ನೋಡಿದೆ. ಕೂರಲಿಲ್ಲ. ಭಾಯ್ ಪಕ್ಕದಲ್ಲೇ ಟೀ ಕುಡಿಯುತ್ತಿದ್ದರು. "ಅದು ಆ ಗಾಡಿ ಅಳತೆ" ಅಂದರು. ಕ್ಯಾಲೆಂಡರಿನ ಇನ್ನೊಂದು ಹಾಳೆ ಹರಿದುಕೊಂಡೆ.