ಪದ್ಮಿನಿ ಕೆಲಸ: ಎಡಗಡೆ ಸಿಲ್‌ನ ಸ್ಪಾಟ್ ವೆಲ್ಡ್ ಬಿಡಿಸಿದ್ದು

ಎಡಗಡೆಯ ಹೊರ ಸಿಲ್ ಕೊನೆಗೂ ಕಳಚಿ ಕೈಗೆ ಬಂತು. ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಅನ್ನುತ್ತಾರಲ್ಲ, ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆ, ಅದೇ. ಪ್ರೀಮಿಯರ್ ಪದ್ಮಿನಿಗೆ ಬೇರೆ ಚಾಸಿ ಇಲ್ಲ. ಫಿಯಟ್ 1100 ಡಿ ಕಾಲದಿಂದಲೂ ಅದು ಮೊನೊಕಾಕ್ ಗಾಡಿ, ಬಾಡಿಯೇ ಭಾರ ಹೊರಬೇಕು. ಸಿಲ್ ತುಕ್ಕು ಹಿಡಿದರೆ ಅಂದ ಕೆಡುವುದಷ್ಟೇ ಅಲ್ಲ, ಗಾಡಿಯ ಬಲವೇ ಹೋಗುತ್ತದೆ. ಇದು ಕರಾವಳಿಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿ. ಸಿಲ್‌ನಿಂದ ನೀರು ಇಳಿಯುವ ತೂತುಗಳೆಲ್ಲ ಮಣ್ಣು ಕಟ್ಟಿ ಮುಚ್ಚಿದ್ದವು. ಹೊರ ತಗಡು ಕೆಳಗಡೆ ಬೆರಳು ಒತ್ತಿದರೆ ಉದುರುತ್ತಿತ್ತು. ಅದರ ಹಿಂದಿನ ಫ್ಲ್ಯಾಂಜ್, ಅಂದರೆ ಹೊರ ತಗಡನ್ನು ಕೂರಿಸಿ ವೆಲ್ಡ್ ಮಾಡುವ ಅಂಚುಪಟ್ಟಿ, ಮಾತ್ರ ಗಟ್ಟಿಯಾಗಿತ್ತು. ಆ ಫ್ಲ್ಯಾಂಜ್ ಕೆಡದಂತೆ ಹೊರ ತಗಡನ್ನು ತೆಗೆಯಬೇಕು, ಈ ಸಲದ ಕೆಲಸ ಅಷ್ಟೇ.

ಟಿಂಕರಿಂಗ್ ಅಂಗಡಿಗಳಲ್ಲಿ ಇದಕ್ಕೆ ಚಾಣ, ಸುತ್ತಿಗೆ ಸಾಕು ಅನ್ನುತ್ತಾರೆ. ಬೇಗ ಆಗುತ್ತದೆ, ನಿಜ. ಆದರೆ ಸ್ಪಾಟ್ ವೆಲ್ಡ್ ಹೇಗಿರುತ್ತದೆ ನೋಡಿ. ಕಾರ್ಖಾನೆಯಲ್ಲಿ ಎರಡು ತಗಡುಗಳನ್ನು ತಾಮ್ರದ ಎಲೆಕ್ಟ್ರೋಡುಗಳ ನಡುವೆ ಒತ್ತಿ ಹಿಡಿದು ಜೋರು ಕರೆಂಟ್ ಹರಿಸುತ್ತಾರೆ. ತಗಡುಗಳು ಸೇರುವ ಜಾಗದಲ್ಲಿ ಲೋಹ ಕರಗಿ ಅಂಗಿಯ ಗುಂಡಿಯಂಥ ಒಂದು ಸಣ್ಣ ಭಾಗ ಒಂದಾಗುತ್ತದೆ. 1 ಮಿ.ಮೀ. ತಗಡಿನಲ್ಲಿ ಅದು ಸುಮಾರು 5 ಮಿ.ಮೀ. ಅಗಲ ಇರುತ್ತದೆ. ಸುತ್ತಲಿನ ತಗಡಿಗಿಂತ ಅದೇ ಗಟ್ಟಿ. ಹಾಗಾಗಿ ಚಾಣ ಹಾಕಿ ಎಬ್ಬಿಸಿದರೆ ವೆಲ್ಡ್ ಬಿಡುವುದಿಲ್ಲ, ಪಕ್ಕದ ತಗಡು ಹರಿಯುತ್ತದೆ. ಯಾವ ತಗಡು ಹರಿಯಬೇಕು ಅನ್ನುವುದು ನಮ್ಮ ಕೈಯಲ್ಲಿರುವುದಿಲ್ಲ.

ತಗಡು ಮುಟ್ಟುವ ಮೊದಲು ಬ್ರೇಸ್. ಗಾಡಿಯನ್ನು ಸಮತಟ್ಟಾಗಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಬಾಗಿಲಿನ ತೆರವುಗಳಿಗೆ ಅಡ್ಡಲಾಗಿ ಚೌಕದ ಪೈಪ್ ವೆಲ್ಡ್ ಮಾಡಿದೆ. ಮೂಲೆಯಿಂದ ಮೂಲೆಗೆ ಅಳತೆ ಬರೆದಿಟ್ಟೆ. ಇದನ್ನು ಬಿಟ್ಟು ಸಿಲ್ ಕತ್ತರಿಸಿದರೆ ಬಾಡಿ ಕುಸಿದು, ಆಮೇಲೆ ಬಾಗಿಲು ಕೂರುವುದೇ ಇಲ್ಲ. ತಗಡಿನ ಹಿಂದೆ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರ್ ಏನಾದರೂ ಹೋಗಿದೆಯಾ ಅಂತ ಕೈ ಹಾಕಿ ನೋಡಿದ್ದೂ ಆಯಿತು.

ವೆಲ್ಡ್ ಹುಡುಕುವುದಕ್ಕೆ ಒಂದು ಸುಲಭದ ದಾರಿ ಇದೆ. ಎಲೆಕ್ಟ್ರೋಡ್ ಒತ್ತಿದ ಜಾಗ ಸ್ವಲ್ಪ ತಗ್ಗಾಗಿರುತ್ತದೆ. ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ ಫ್ಲ್ಯಾಂಜ್ ಮೇಲೆ ಚಪ್ಪಟೆಯಾಗಿ ಉಜ್ಜಿದರೆ ಸುತ್ತಲಿನ ಪೇಂಟ್ ಹೋಗಿ, ತಗ್ಗಿನಲ್ಲಿ ಮಾತ್ರ ಬಣ್ಣದ ಚುಕ್ಕೆ ಉಳಿಯುತ್ತದೆ. ಅದೇ ವೆಲ್ಡ್. ವೈರ್ ಬ್ರಶ್ ಹಾಕಿದರೆ ತಗ್ಗಿನ ಬಣ್ಣವೂ ಹೋಗಿಬಿಡುತ್ತದೆ, ಹಾಗಾಗಿ ದಪ್ಪ ಸೀಲರ್ ಇದ್ದ ಕಡೆ ಮಾತ್ರ ಅದನ್ನು ಬಳಸಿದೆ. ಹಳೆ ಪೇಂಟಿನಲ್ಲಿ ಸೀಸ ಇರಬಹುದು, ಮಾಸ್ಕ್ ಬೇಕೇ ಬೇಕು. ಸಿಕ್ಕ ಒಂದೊಂದು ವೆಲ್ಡಿನ ಮಧ್ಯಕ್ಕೂ ಸೆಂಟರ್ ಪಂಚ್ ಹೊಡೆದು, ಫೋಟೋ ತೆಗೆದಿಟ್ಟೆ. ಹೊಸ ಸಿಲ್‌ಗೆ ವೆಲ್ಡ್ ಅಂತರ ಇಲ್ಲಿಂದಲೇ ಸಿಗುತ್ತದೆ.

ಇನ್ನು ಡ್ರಿಲ್. ಸಾಮಾನ್ಯ ಬಿಟ್ ಯಾಕೆ ಬೇಡ ಅನ್ನುವುದಕ್ಕೆ ಲೆಕ್ಕವೇ ಇದೆ. 118 ಡಿಗ್ರಿ ತುದಿಯ 8 ಮಿ.ಮೀ. ಬಿಟ್‌ನಲ್ಲಿ ಬರೀ ಮೊನೆಯೇ ಸುಮಾರು 2.4 ಮಿ.ಮೀ. ಉದ್ದ. ಮೇಲಿನ 1 ಮಿ.ಮೀ. ತಗಡನ್ನು ಪೂರ್ತಿ ಅಗಲಕ್ಕೆ ಕೊರೆಯುವ ಹೊತ್ತಿಗೆ ಮೊನೆ ಕೆಳಗಿನ ತಗಡನ್ನೂ ದಾಟಿರುತ್ತದೆ. ನಮಗೆ ಬೇಕಾದದ್ದು ತುದಿ ಹೆಚ್ಚುಕಡಿಮೆ ಚಪ್ಪಟೆಯಾಗಿ, ಮಧ್ಯದಲ್ಲಿ ಸಣ್ಣ ಮೊನೆ ಇರುವ ಸ್ಪಾಟ್ ವೆಲ್ಡ್ ಬಿಟ್. ನಾನು ಬಳಸಿದ್ದು 8 ಮಿ.ಮೀ., 5% ಕೋಬಾಲ್ಟ್ ಇರುವ ಎಂ35 ಉಕ್ಕಿನದು. ಡ್ರಿಲ್ ಕಡಿಮೆ ಗೇರಿನಲ್ಲಿ, ಮೈಭಾರ ಕೊಟ್ಟು ನೆಟ್ಟಗೆ ಹಿಡಿದು, ಒಂದು ಹನಿ ಕಟಿಂಗ್ ಆಯಿಲ್. ಲೋಹದ ಚೂರು ಸುರುಳಿಯಾಗಿ ಬರುತ್ತಿದ್ದರೆ ಸರಿ. ಬಿಟ್ ಕಿರುಚಿದರೆ ಅದು ಕತ್ತರಿಸುತ್ತಿಲ್ಲ, ಸುಮ್ನೆ ಉಜ್ಜಿ ಸುಡುತ್ತಿದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಇಲ್ಲಿನ ಕಲೆ. ಮೇಲಿನ ತಗಡು ಮುಗಿದಾಗ ತೂತಿನ ಅಂಚಿನಲ್ಲಿ ಕೂದಲೆಳೆಯಂಥ ಕಪ್ಪು ಉಂಗುರ ಕಾಣುತ್ತದೆ. ಎರಡು ತಗಡುಗಳ ನಡುವಿನ ಸಂದು ಅದು. ಅಲ್ಲಿಗೆ ಸಾಕು. ಅದಕ್ಕಿಂತ ಆಳ ಹೋದರೆ ಉಳಿಸಬೇಕಾದ ತಗಡನ್ನೇ ತಿನ್ನುತ್ತೇವೆ. ಕೆಲವು ಸೆಕೆಂಡಿಗೊಮ್ಮೆ ಡ್ರಿಲ್ ಎತ್ತಿ ಟಾರ್ಚ್ ಹಾಕಿ ನೋಡಿದೆ. ನಿಧಾನ ಅನ್ನಿಸಬಹುದು, ಆದರೆ ಫ್ಲ್ಯಾಂಜ್ ಉಳಿಯುವುದು ಇದರಿಂದಲೇ.

ಸ್ಪ್ರಿಂಗ್ ಪಿನ್ ಇರುವ, ಹೋಲ್ ಸಾ ತರಹದ ಸಣ್ಣ ಕಟರ್ ಕೂಡ ಬಳಸಿ ನೋಡಿದೆ. ಅದು ವೆಲ್ಡ್ ಸುತ್ತ ಉಂಗುರ ಕೊರೆದು, ಗುಂಡಿಯನ್ನು ಕೆಳಗಿನ ತಗಡಿನ ಮೇಲೇ ಬಿಡುತ್ತದೆ. ಆಮೇಲೆ ಅದನ್ನು ಫ್ಲಾಪ್ ಡಿಸ್ಕಿನಲ್ಲಿ (ಗ್ರೈಂಡರಿಗೆ ಹಾಕುವ ಸ್ಯಾಂಡ್ ಪೇಪರ್ ಚಕ್ರ) ಸವೆಸಬೇಕು. ಚಪ್ಪಟೆ ಜಾಗದಲ್ಲಿ ಚೆನ್ನಾಗಿದೆ. ಸ್ವಲ್ಪ ವಾರೆಯಾದರೂ ಹಲ್ಲು ಮುರಿಯುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಆ ಕೋಬಾಲ್ಟ್ ಡ್ರಿಲ್ ಬಿಟ್ ಮೇಲು. ಡ್ರಿಲ್ ಹೋಗದ ಮೂಲೆಗಳಿಗೆ, ಅದರಲ್ಲೂ ನಡುಕಂಬದ ಬುಡಕ್ಕೆ, 10 ಮಿ.ಮೀ. ಪಟ್ಟಿಯ ಬೆಲ್ಟ್ ಸ್ಯಾಂಡರ್. 60 ಗ್ರಿಟ್ ಪಟ್ಟಿಯಲ್ಲಿ ಮೇಲಿನ ತಗಡನ್ನು ಸವೆಸುತ್ತಾ ಹೋದರೆ ಅದು ನೀಲಿಯಾಗಿ, ಕಾಗದದಷ್ಟು ತೆಳುವಾಗುತ್ತದೆ. ಆಮೇಲೆ ತೆಳ್ಳನೆಯ ಚಾಣಕ್ಕೆ ಸುಲಭವಾಗಿ ಬಿಡುತ್ತದೆ. ಕಿಡಿ ಜಾಸ್ತಿ, ಒಳಗಿನ ಕಾರ್ಪೆಟ್, ಸೀಟು ಎಲ್ಲ ಮೊದಲೇ ತೆಗೆದಿರಬೇಕು.

ಕೆಲಸ ಹಗುರ ಮಾಡಿದ್ದು ಇನ್ನೊಂದು ಉಪಾಯ. ಸಿಲ್ ಪೂರ್ತಿ ಒಂದೇ ಸಲ ಬಿಡಿಸಲು ಹೋಗಲಿಲ್ಲ. ಫ್ಲ್ಯಾಂಜಿನಿಂದ 20 ಮಿ.ಮೀ. ಬಿಟ್ಟು 1 ಮಿ.ಮೀ. ಕಟಿಂಗ್ ಡಿಸ್ಕಿನಲ್ಲಿ ಹೊರ ತಗಡನ್ನು ಕತ್ತರಿಸಿ ತೆಗೆದೆ. ಉಳಿದದ್ದು ಬರೀ ಪಟ್ಟಿ. ಒಂದೊಂದೇ ವೆಲ್ಡ್ ಕೊರೆಯುತ್ತಾ, ಪಟ್ಟಿಯ ತುದಿಯನ್ನು ಪ್ಲಯರಿನಲ್ಲಿ ಹಿಡಿದು ಸುರುಳಿ ಸುತ್ತುತ್ತಾ ಹೋದರೆ ಸಾಕು. ಯಾವ ವೆಲ್ಡ್ ಇನ್ನೂ ಹಿಡಿದಿದೆ ಅಂತ ಪಟ್ಟಿಯೇ ತೋರಿಸುತ್ತದೆ. ಬಲ ಹಾಕುವ ಮಾತೇ ಇಲ್ಲ.

ಈಗ ಫ್ಲ್ಯಾಂಜ್ ಬರಿದಾಗಿ ನಿಂತಿದೆ. ಉಳಿದ ಗುಂಡಿಗಳನ್ನು 80 ಗ್ರಿಟ್ ಫ್ಲಾಪ್ ಡಿಸ್ಕಿನಲ್ಲಿ ಸಮ ಮಾಡಿ, ಹಿಂದೆ ಡಾಲಿ ಅನ್ನುವ ಕಬ್ಬಿಣದ ಗಟ್ಟಿ ಹಿಡಿದು ಸುತ್ತಿಗೆಯಿಂದ ನೇರ ಮಾಡಿದೆ. ಹಿಂಭಾಗದ ಚಕ್ರದ ಹತ್ತಿರ ಅಂಗೈಯಗಲ ತಗಡು ಹೋಗಿದೆ, ಅಲ್ಲಿಗೆ ತೇಪೆ ಹಾಕಬೇಕು. ಹೊಸ ಸಿಲ್‌ನ ಅಂಚಿನಲ್ಲಿ ಹಳೆ ಅಂತರಕ್ಕೇ 8 ಮಿ.ಮೀ. ತೂತು ಕೊರೆದು, ಆ ತೂತುಗಳ ಮೂಲಕ ಮಿಗ್ ವೆಲ್ಡ್ (ತಂತಿ ಕರಗಿಸಿ ಹಾಕುವ ವೆಲ್ಡಿಂಗ್) ತುಂಬುವುದು ಮುಂದಿನ ಹಂತ. ಅದಕ್ಕೆ ಮೊದಲು ಕಟಿಂಗ್ ಆಯಿಲ್ ಜಿಡ್ಡನ್ನು ಥಿನ್ನರಿನಲ್ಲಿ ಒರೆಸಿ, ಸತುವಿನ ಪ್ರೈಮರ್ ಬಳಿದು, ವೆಲ್ಡ್ ಬೀಳುವ ಜಾಗದಲ್ಲಿ ಮಾತ್ರ ಅದನ್ನು ಕೆರೆಯಬೇಕು. ಕಿತ್ತ ಸಿಲ್‌ನಲ್ಲಿ ಗಟ್ಟಿ ಉಳಿದ ತುಂಡುಗಳನ್ನು ಎಸೆದಿಲ್ಲ. ದಪ್ಪ ಒಂದೇ ಆದ್ದರಿಂದ ವೆಲ್ಡಿಂಗ್ ಸೆಟ್ಟಿಂಗ್ ನೋಡುವುದಕ್ಕೆ ಅವೇ ಸರಿ. ಹೊಸ ಸಿಲ್ ಪೂರ್ತಿ ಕೂತು, ಅಳತೆಗಳು ತಾಳೆಯಾದ ಮೇಲೆಯೇ ಬ್ರೇಸ್ ಬಿಚ್ಚುವುದು. ಆಮೇಲೆ ಬಲಗಡೆ.