ಮಾಂಸದ ಸಾರ ಮಾರೋಕೆ ಹೂವಿನ ಹುಡುಗಿ ಯಾಕೆ?

ನನ್ನ ಹತ್ತಿರ ಲೀಬಿಗ್ ಎಂಬ ಕಂಪನಿಯ ಹಳೆಯ ಜಾಹೀರಾತು ಕಾರ್ಡ್‌ಗಳಿವೆ, ಅವನ್ನು ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ಮಾರುತ್ತಿದ್ದದ್ದು ದನದ ಮಾಂಸದ ಸಾರ, ಚಿತ್ರದಲ್ಲಿ ನೋಡಿದರೆ ಹೂವು, ಹುಡುಗಿಯರು. ಏನು ಸಂಬಂಧ?

ಸಂಬಂಧ ಇಲ್ಲದಿರುವುದೇ ಕಾರಣ ಅನ್ನುತ್ತೇನೆ ನಾನು. 1865ರಲ್ಲಿ ಶುರುವಾದ ಈ ಕಂಪನಿಯ ಕಾರ್ಖಾನೆ ಇದ್ದದ್ದು ಉರುಗ್ವೆಯ ಫ್ರೈ ಬೆಂಟೋಸ್‌ನಲ್ಲಿ. ಸುಮಾರು 30 ಕಿಲೋ ಮಾಂಸ ಕುದಿಸಿ ಬತ್ತಿಸಿದರೆ 1 ಕಿಲೋ ಸಾರ, ಕಪ್ಪಗೆ, ಅಂಟಂಟಾಗಿ. ಆ ಕಸಾಯಿಖಾನೆಯ ಚಿತ್ರ ಕೊಟ್ಟರೆ ಯಾರು ತಾನೇ ಮನೆಯ ಆಲ್ಬಮ್ಮಿಗೆ ಅಂಟಿಸಿಕೊಳ್ಳುತ್ತಾರೆ? ಅದಕ್ಕೇ ಯುರೋಪಿನ ಅಂಗಡಿಗಳಲ್ಲಿ ಜಾಡಿಯ ಜೊತೆ ಈ ಬಣ್ಣದ ಕಾರ್ಡು ಸಿಗುತ್ತಿತ್ತು. ಸಾಮಾನ್ಯವಾಗಿ ಆರು ಕಾರ್ಡಿಗೆ ಒಂದು ಸೆಟ್. 1870ರ ದಶಕದಿಂದ 1975ರವರೆಗೂ ಬಂದವು. ಇತಿಹಾಸ, ಪ್ರಾಣಿ, ನಾಟಕ, ಎಲ್ಲವೂ ಇವೆ. ನನಗೆ ಜಾಸ್ತಿ ಇಷ್ಟ ಹೂವಿನ ಹುಡುಗಿಯರದ್ದು. ದಳಗಳೇ ಲಂಗ, ಬೋರಲು ಹಾಕಿದ ಹೂವೇ ಟೋಪಿ.

ಇನ್ನೊಂದು ಕಾರಣ ಅಚ್ಚಿನದು, ಇದನ್ನು ಯಾರೂ ಕೇಳುವುದಿಲ್ಲ. ಹಳೆಯ ಕಾರ್ಡುಗಳು ಬಣ್ಣದ ಕಲ್ಲಚ್ಚು. ಒಂದೊಂದು ಬಣ್ಣಕ್ಕೆ ಒಂದೊಂದು ಸುಣ್ಣಕಲ್ಲು, ಒಂದೇ ಕಾಗದ ಹತ್ತು ಹನ್ನೆರಡು ಸಲ ಅಚ್ಚಿಗೆ ಹೋಗಿ ಬರಬೇಕು. ಭೂತಗನ್ನಡಿ ಹಿಡಿದು ನೋಡಿದರೆ ಬರೀ ಚುಕ್ಕಿಗಳು. ಗುಲಾಬಿ ದಳಕ್ಕೆ ಬಿದ್ದ ಚುಕ್ಕಿಯೂ ಹುಡುಗಿಯ ಕೆನ್ನೆಯ ಚುಕ್ಕಿಯೂ ಒಂದೇ ಕಲ್ಲಿನಿಂದ ಬಂದದ್ದು! ಮುದ್ರಕನ ಕೈಚಳಕ ತೋರಿಸೋಕೆ ಕೆನ್ನೆ, ದಳಗಳಿಗಿಂತ ಒಳ್ಳೆಯ ಜಾಗ ಎಲ್ಲಿದೆ? ನಮ್ಮ ಮನೆಗಳ ರವಿವರ್ಮನ ಲಕ್ಷ್ಮಿ ಕಮಲದ ಮೇಲೆ ನಿಂತು ಬಂದದ್ದೂ ಇದೇ ಕಲ್ಲಚ್ಚಿನ ದಾರಿಯಲ್ಲೇ.

ಆದರೆ ಒಂದು ವಿಷಯ ನನ್ನನ್ನು ಕಾಡುತ್ತದೆ. ಈ ಹುಡುಗಿಯರು ಏನೂ ಮಾಡುವುದಿಲ್ಲ, ಸುಮ್ನೆ ಅರಳಿ ನಿಂತಿರುತ್ತಾರೆ. ಹೆಣ್ಣು ಅಂದರೆ ಹೂವು, ಮೃದು, ನಾಳೆ ಬಾಡುವಂಥದ್ದು ಅಂತ ಆರು ಕಾರ್ಡೂ ಹೇಳುತ್ತವೆ. ತಿರುಗಿಸಿ ನೋಡಿ, ಕೆಲವು ಕಾರ್ಡಿನ ಹಿಂದೆ ಸೂಪು ಮಾಡುವ ವಿಧಾನ ಇದೆ. ಅದು ಒಲೆ ಮುಂದೆ ಬೆವರುತ್ತಾ ನಿಂತವಳಿಗೆ, ದುಡ್ಡು ಎಣಿಸಿ ಜಾಡಿ ಕೊಳ್ಳುವವಳಿಗೆ. ಮುಂದೆ ಒಬ್ಬ ಹೆಣ್ಣು, ಹಿಂದೆ ಇನ್ನೊಬ್ಬಳು, ನಡುವೆ ಇರುವುದು ಒಂದು ದಪ್ಪ ಕಾಗದ ಅಷ್ಟೇ ಅಲ್ವಾ?

ಅದಕ್ಕೇ ನಾನು ಇವನ್ನು ಆಲ್ಬಮ್ಮಿಗೆ ಅಂಟಿಸುವುದಿಲ್ಲ. ಎರಡೂ ಕಡೆ ಕಾಣುವ ತೆಳು ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತೇನೆ. ಮನೆಗೆ ಬಂದವರ ಕೈಗೆ ಕೊಡುವಾಗ ಮೊದಲು ಹಿಂಭಾಗವನ್ನೇ ತೋರಿಸುತ್ತೇನೆ.